ಪತ್ರೆಗೆ ಹೋದ ಮಾವ, ಬೆಲ್ಲ ತಿಂದ ನಾನು

ನನ್ನ ಮಾವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಹೊತ್ತಿಗೆ ನಾನು ಎರಡು ಸರ್ಕಾರಗಳ ಕೈಯಲ್ಲಿ ಫೇಲಾಗಿ ಕೂತಿದ್ದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಫೇಲಾದೆ. ಪೊಲೀಸ್ ಕಾರ್ಯಾಚರಣೆ ಆಗಿ, ಶಾಲೆ ಕನ್ನಡಕ್ಕೆ ತಿರುಗಿದ ಮೇಲೆ ಕನ್ನಡದಲ್ಲೂ ಫೇಲಾದೆ. ಸರ್ಕಾರಗಳ ನಡುವೆ ಭೇದ ಮಾಡಿದವನಲ್ಲ ನಾನು. ಸಿಂಧನೂರಿನ ಮನೆಯಲ್ಲಿ ಅಪ್ಪ ಒಂದು ದಿನ ಊಟದ ನಡುವೆ ನನ್ನ ಮುಂದೆ ಎರಡು ದಾರಿ ಇಟ್ಟ.

"ಊರ ಹೊರಗ ಕಾಲುವಿ ಕಡಿಯಾಕತ್ತಾರ. ಮಣ್ಣಿನ ಬುಟ್ಟಿ ಹೊರ್ತೀಯೋ, ಲಿಂಗಸುಗೂರಿಗೆ ಹೋಗಿ ಮಾವನ ಅರಿವಿ ಅಂಗಡ್ಯಾಗ ಕುಂದರ್ತೀಯೋ?"

ಮಣ್ಣಿನ ಬುಟ್ಟಿಯನ್ನು ನಾನು ಹತ್ತಿರದಿಂದ ನೋಡಿದ್ದೆ. ಆ ಸಂಜೆಯ ಬಸ್ಸಿಗೇ ಲಿಂಗಸುಗೂರಿಗೆ ಹೊರಟೆ.

ಮಾವ ಅಂದರೆ ನಮ್ಮ ಅವ್ವನ ಅಣ್ಣ. ಐವತ್ತರ ಆಸುಪಾಸು, ದಪ್ಪ ಮೈ, ಮೆತ್ತನೆಯ ಮಾತು. ಗಿರಾಕಿ ಹತ್ತು ಥಾನು ಬಟ್ಟೆ ಬಿಚ್ಚಿಸಿ ಏನೂ ಕೊಳ್ಳದೆ ಹೋದರೂ, "ಮತ್ತ ಬರ್ರಿ" ಎಂದು ನಗುತ್ತಿದ್ದ. ನಾನು ಹೋದ ಬೇಸಿಗೆಯಲ್ಲಿ ಅವನು ಅಂಗಡಿಯ ಗಡಿಗೆಯ ನೀರನ್ನು ಮಧ್ಯಾಹ್ನದೊಳಗೆ ಖಾಲಿ ಮಾಡುತ್ತಿದ್ದ, ಅಂಗಿ ತಿಂಗಳಿಗೊಂದು ಬೆರಳು ಸಡಿಲಾಗುತ್ತಿತ್ತು. ಅಂಗಾಲಿಗೆ ಚುಚ್ಚಿದ ಮುಳ್ಳಿನ ಗಾಯ ಮಾಯಲೇ ಇಲ್ಲ. ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಮೂತ್ರ ಕಾಯಿಸಿ ನೋಡಿ ಮೂರು ಆಜ್ಞೆ ಕೊಟ್ಟರು: ಸಿಹಿ ಬಂದ್, ದಿನಾ ಮುಂಜಾನೆ ಇನ್ಸುಲಿನ್ ಸೂಜಿ, ದಿನಾ ನಾಲ್ಕು ಮೈಲಿ ನಡಿಗೆ.

"ನಡದ್ರ ಸಕ್ಕರಿ ಇಳಿತೈತಿ. ನಡೀಲಿಲ್ಲಂದ್ರ ಸೂಜಿ ಏರಿಸ್ಕೋಂತ ಹೋಗ್ಬೇಕಾಗ್ತದ, ಕಾಲಿನ ಗಾಯನೂ ಮಾಯಂಗಿಲ್ಲ. ಕಾಲು ಬೇಕಂದ್ರ ನಡೀರಿ" ಅಂದರು ಡಾಕ್ಟರು.

ಈ ಮಾತು ನನ್ನ ತಲೆಯಲ್ಲಿ ಚೆನ್ನಾಗಿ ಕೂತಿತು. ನನ್ನ ತಲೆಯಲ್ಲಿ ಯಾವುದಾದರೂ ಮಾತು ಚೆನ್ನಾಗಿ ಕೂತಿತೆಂದರೆ ಹತ್ತಿರದವರು ಸ್ವಲ್ಪ ದೂರ ನಿಲ್ಲುವುದು ಒಳ್ಳೆಯದು.

ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಕಾವಲಿಗೆ ನೇಮಿಸಿದಳು. "ನಿಮ್ಮ ಮಾವಗ ಬೆಲ್ಲ ಅಂದ್ರ ಜೀವ. ಒಂದು ಹರಳು ಸಕ್ಕರಿ ಬಾಯಾಗ ಹೋತಂದ್ರ ನಿನ್ನ ಕೇಳ್ತೀನಿ ನೋಡು" ಅಂದಳು. ಹುಟ್ಟಿದಾಗಿನಿಂದ ನನ್ನನ್ನು ನಂಬಿ ಯಾರೂ ಒಂದು ಆಡಿನ ಮರಿಯನ್ನೂ ಒಪ್ಪಿಸಿರಲಿಲ್ಲ. ಈಗ ಒಬ್ಬ ಇಡೀ ಮನುಷ್ಯನನ್ನು ಒಪ್ಪಿಸಿದ್ದರು. ನಾನು ಎದೆ ಉಬ್ಬಿಸಿದೆ.

ಮೂತ್ರದ ಪರೀಕ್ಷೆಯನ್ನೂ ನನಗೇ ಕಲಿಸಿದರು. ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿಯುವುದು. ನೀಲಿ ಹಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬಹಳ. ಅತ್ತೆ ಆ ನಳಿಗೆಯನ್ನು ಅಡುಗೆಮನೆಯ ಹತ್ತಿರವೂ ಬಿಡಲಿಲ್ಲ. ನಾನು ದನದ ಕೊಟ್ಟಿಗೆಯಲ್ಲಿ ಕೂತು ಕಾಯಿಸಿ, ಅರಿವೆ ಅಂಗಡಿಯವನ ಠೀವಿಯಲ್ಲಿ ಕೂಗುತ್ತಿದ್ದೆ, "ಅತ್ತೀ, ಇವತ್ತು ಗಿಣಿ ಹಸಿರು ಬಂದೈತಿ! ಅಂಚು ಮಾತ್ರ ಹಳದಿ!" ಎಮ್ಮೆ ನನ್ನ ಕಡೆ ನೋಡಿ ಮುಖ ತಿರುಗಿಸುತ್ತಿತ್ತು.

ಮಾವನ ಬೆಳಗಿನ ಕ್ರಮ ಹೀಗಿತ್ತು. ನಸುಕಿನಲ್ಲೇ ಕಂಪೌಂಡರ್ ಚಾಚಾ ಸೈಕಲ್ ಮೇಲೆ ಮನೆಗೆ ಬಂದು ಸೂಜಿ ಚುಚ್ಚಿ ಹೋಗುತ್ತಿದ್ದ. ಕೂಡಲೇ ಮಾವ ಬಿದಿರ ಬುಟ್ಟಿ ಹಿಡಿದು ಮಸ್ಕಿ ರಸ್ತೆಯಲ್ಲಿ ಎರಡು ಮೈಲಿ ದೂರದ ನಮ್ಮ ತೋಟಕ್ಕೆ ನಡೆಯುತ್ತಿದ್ದ. ಅಲ್ಲಿ ಒಂದು ಬಿಲ್ವಪತ್ರೆಯ ಮರ. ಅದರ ಪತ್ರೆ, ಬೇಲಿಯ ಕಣಗಿಲೆ ಹೂವು ಕಿತ್ತುಕೊಂಡು ಎರಡು ಮೈಲಿ ವಾಪಸು. ಆಮೇಲೆ ಸ್ನಾನ, ವಿಭೂತಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಒಂದು ಗಂಟೆಯ ಪೂಜೆ. ಪೂಜೆ ಮುಗಿಯುವ ತನಕ ಗುಟುಕು ನೀರು ಕೂಡ ಗಂಟಲಿಗೆ ಇಳಿಯುವಂತಿಲ್ಲ. ಅವನ ಅಪ್ಪ ಹಾಗೇ ಮಾಡಿದ್ದ, ಅಜ್ಜ ಹಾಗೇ ಮಾಡಿದ್ದ. ಡಾಕ್ಟರು ನಡೆಯಿರಿ ಅಂದಾಗ ಮನೆಯವರೆಲ್ಲ ಖುಷಿಪಟ್ಟಿದ್ದರು: ನಡಿಗೆಯೂ ಆಯಿತು, ಪತ್ರೆಯೂ ಬಂತು. ಊಟದ ಹೊತ್ತು ಡಾಕ್ಟರು ಕೇಳಲಿಲ್ಲ, ನಾವು ಹೇಳಲಿಲ್ಲ.

ಮೊದಲ ದಿನವೇ ಕಂಪೌಂಡರ್ ಚಾಚಾ ಮಾವನ ಶಲ್ಯದ ಅಂಚಿಗೆ ಒಂದು ಬೆಲ್ಲದ ಉಂಡೆ ಕಟ್ಟಿಸಿ, "ಸಾವ್ಕಾರ್, ಇದು ಸಂಗಾಟ ಇರ್ಲಿ. ಬಿಡಬ್ಯಾಡ್ರಿ" ಎಂದು ಹೇಳಿ ಹೋದ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವುದು ಮೆಟ್ರಿಕ್ ಪಾಸಾದವರ ಅಭ್ಯಾಸ. ಚಾಚಾನ ಸೈಕಲ್ ಓಣಿ ತಿರುಗಿದ್ದೇ ತಡ, ನಿಜಾಮರ ಕಾಲದಲ್ಲಿ ಸುಂಕದ ನಾಕಾದವರು ಬಂಡಿ ತಡೆದು ಮೂಟೆ ಬಿಚ್ಚಿಸುತ್ತಿದ್ದ ಹಾಗೆ ಮಾವನನ್ನು ಬಾಗಿಲಲ್ಲೇ ತಡೆದೆ.

"ಮಾವಾ, ಶಲ್ಯ ತೋರ್ಸ್ರಿ."

"ಚಾಚಾ ಕೊಟ್ಟಾನಲೇ."

"ಚಾಚಾ ಕೊಡ್ಲಿ, ಕಲೆಕ್ಟರ್ ಸಾಹೇಬ್ರ ಕೊಡ್ಲಿ. ಬೆಲ್ಲ ಅಂದ್ರ ಬೆಲ್ಲ. ಜಪ್ತಿ!"

ಮಾವ ನಕ್ಕು ಗಂಟು ಬಿಚ್ಚಿಕೊಟ್ಟ. "ತಗೋಪಾ. ಹೆಂಗೂ ಪೂಜಿ ಆಗಲಾರದ ನಾ ಬಾಯಾಗ ಹಾಕಾವಲ್ಲ" ಅಂದ.

ಜಪ್ತಿ ಮಾಡಿದ ಮಾಲನ್ನು ಎಲ್ಲಿಡುವುದು? ಮಾವನ ಸಂಗಡ ತೋಟದ ಹಾದಿಯಲ್ಲಿ ನಡೆಯುತ್ತ ನಾನೇ ತಿಂದೆ. ಮರುದಿನವೂ ಚಾಚಾ ಕಟ್ಟಿದ, ನಾನು ಬಿಚ್ಚಿದೆ. ಒಂದು ತಿಂಗಳು ಹೀಗೇ ನಡೆಯಿತು. ಮಾವ ಇಳಿದ, ನಾನು ಊದಿಕೊಂಡೆ. ಅತ್ತೆ ನನ್ನ ಕೆನ್ನೆ ನೋಡಿ, "ನಮ್ಮೂರ ಗಾಳಿ ಇವಗ ಹಿಡಸ್ತು" ಎಂದು ಸಿಂಧನೂರಿಗೆ ಹೇಳಿ ಕಳಿಸಿದಳು.

ಆ ತಿಂಗಳಲ್ಲಿ ಒಂದು ವಿಚಿತ್ರ ನೋಡಿದೆ. ತೋಟದಿಂದ ವಾಪಸಾಗುವಾಗ ನನ್ನ ಮೆತ್ತನೆಯ ಮಾವ ಸಿಡುಕತೊಡಗಿದ್ದ. ಎಂದೂ ಯಾರಿಗೂ ಏ ಅನ್ನದವನು, "ಮುಂದ ನಡಿಯಲೇ ಕತ್ತಿ, ಎಷ್ಟ ಒದರ್ತಿ!" ಅನ್ನುತ್ತಿದ್ದ. ಹಣೆಯಲ್ಲಿ ಬೆವರು. ಮನೆಗೆ ಬಂದು ಪೂಜೆ ಮುಗಿಸಿ ಎರಡು ರೊಟ್ಟಿ ಉಂಡರೆ ಮತ್ತೆ ಅದೇ ಹಳೆಯ ಮಾವ. ಬೆಲ್ಲ ಸಿಗದ ಸಿಟ್ಟು ಇದು ಎಂದು ನಾನು ತೀರ್ಮಾನಿಸಿದೆ. ಪಹರೆ ಇನ್ನೂ ಬಿಗಿ ಮಾಡಿದೆ.

ಶ್ರಾವಣದ ಒಂದು ಸೋಮವಾರ. ಹಿಂದಿನ ರಾತ್ರಿ ಮಾವ ಬರೀ ಹಾಲು ಕುಡಿದು ಮಲಗಿದ್ದ. ಸೂಜಿ ಮಾತ್ರ ಎಂದಿನಷ್ಟೇ. ಆ ದಿನ ನೂರೆಂಟು ಪತ್ರೆ ಬೇಕು, ಒಂದೊಂದೂ ಮೂರು ಎಲೆಯದು, ಹುಳು ಕಡಿಯದ್ದು. ಮಾವ ಕೊಂಬೆ ಬಗ್ಗಿಸಿ ಕೀಳುತ್ತಿದ್ದ, ನಾನು ಬಾಯಲ್ಲಿ ಎಣಿಸುತ್ತಿದ್ದೆ. ಲೆಕ್ಕ ಎರಡು ಸಲ ತಪ್ಪಿಸಿ ಮೊದಲಿನಿಂದ ಶುರು ಮಾಡಿಸಿದೆ. ಕಡೆಗೆ ಬುಟ್ಟಿ ತುಂಬಿತು. ತೋಟದ ಬೇಲಿ ದಾಟುವ ಮುಂಚೆಯೇ ಮಾವ ನಿಂತ.

"ಲೇ, ಕೈಕಾಲು ನಡುಗಾಕತ್ತಾವ."

ನೋಡಿದೆ. ಕೈಯಲ್ಲಿನ ಬುಟ್ಟಿ ಜರಡಿಯ ಹಾಗೆ ಅಲುಗುತ್ತಿತ್ತು. ತಂಪು ಗಾಳಿ ಬೀಸುತ್ತಿದ್ದರೂ ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ತಲೆಯಲ್ಲಿ ಡಾಕ್ಟರ ಮಾತು ಗಂಟೆ ಬಾರಿಸಿತು: ನಡೆದರೆ ಸಕ್ಕರೆ ಇಳಿಯುತ್ತದೆ. ಹಾಗಿದ್ದರೆ ಇದು ನಿಂತಿದ್ದಕ್ಕೆ ಸಕ್ಕರೆ ಏರಿದ್ದು. ಹಾಗಿದ್ದರೆ ಮದ್ದು ಏನು?

"ಸಕ್ಕರಿ ಏರೈತಿ ಮಾವಾ! ನಿಂದರಬ್ಯಾಡ್ರಿ, ಜೋರ ನಡೀರಿ!"

ರಟ್ಟೆ ಹಿಡಿದು ಎಳೆದೆ. ಪಾಪ, ಅವನು ನಡೆದ. ಇಪ್ಪತ್ತು ಹೆಜ್ಜೆ ನಡೆದಿರಬಹುದು. "ಇನ್ನೂ ಜೋರ!" ಅಂದೆ. ಓಡಿಸಲಿಕ್ಕೂ ನೋಡಿದೆ. ಮಾವ ನನ್ನ ಕಡೆ ತಿರುಗಿ, ನಾನು ಯಾರೋ ಗಿರಾಕಿ ಅನ್ನುವಂತೆ, "ಕೆಂಪಂಚಿನ ಸೀರಿ ತೀರೇತ್ರಿ, ಮತ್ತ ಬರ್ರಿ" ಅಂದ. ಆಮೇಲೆ ಬದುವಿನ ಮೇಲೆ ಕುಸಿದು ಕೂತ. ಮುಖ ಬೂದಿ ಬಣ್ಣವಾಗಿತ್ತು.

ಆಗ ನನ್ನ ನಗು, ಜಾಣತನ, ಜಪ್ತಿ ಎಲ್ಲ ಒಣಗಿದವು. ಬೊಬ್ಬೆ ಹೊಡೆದೆ. ಬಾವಿಯಲ್ಲಿ ಎತ್ತು ಹೂಡಿ ನೀರೆತ್ತುತ್ತಿದ್ದವನ ಹೆಂಡತಿ ಓಡಿಬಂದಳು. ಮೈಮುಟ್ಟಿ ನೋಡಿದಳು.

"ಮೈ ತಣ್ಣಗಾಗೈತಿ. ಸಾವ್ಕಾರ್ರು ಏನರ ಉಂಡಾರೇನ ತಮ್ಮಾ?"

"ಇಲ್ಲ. ಪೂಜಿ ಆಗಿಲ್ಲ."

"ಹಸಿವಿಗೆ ಹಿಂಗಾಗೈತಿ ನೋಡು. ನಿನ್ನ ಕಿಸೇದಾಗ ಏನರ ಐತೇನು?"

ಕಿಸೆಯಲ್ಲಿ ಏನಿದ್ದೀತು? ಆ ಬೆಳಗಿನ ಬೆಲ್ಲ ಅರ್ಧ ಮೈಲಿ ಹಿಂದೆಯೇ ನನ್ನ ಹೊಟ್ಟೆ ಸೇರಿತ್ತು. ಹಲ್ಲಿನ ಸಂದಿಯಲ್ಲಿ ಇನ್ನೂ ಅದರ ಸಿಹಿ ಇತ್ತು. ಅಷ್ಟು ಕಹಿಯಾದ ಬೆಲ್ಲವನ್ನು ನಾನು ಮತ್ತೆಂದೂ ತಿಂದಿಲ್ಲ.

ಅವಳು ಗುಡಿಸಲಿಗೆ ಓಡಿ, ಚಹಾಕ್ಕೆಂದು ಇಟ್ಟಿದ್ದ ಬೆಲ್ಲವನ್ನು ಕುಟ್ಟಿ, ತಂಬಿಗೆಯ ನೀರಲ್ಲಿ ಕರಗಿಸಿ ತಂದಳು. ಬಾಯಿಗೆ ಹಿಡಿದಳು. ಮಾವನಿಗೆ ನಾನು ಯಾರೆಂಬುದು ಮರೆತಿತ್ತು, ತಾನು ಎಲ್ಲಿದ್ದೇನೆ ಎಂಬುದು ಮರೆತಿತ್ತು, ಅದೊಂದು ಮಾತ್ರ ಮರೆತಿರಲಿಲ್ಲ. ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದ. "ಲಿಂಗಪೂಜಿ..." ಅಂದ.

"ಸಾವ್ಕಾರ್ರ, ಕುಡೀರಿ, ಶಿವ ಏನೂ ಅನ್ನಂಗಿಲ್ಲ" ಅಂದಳು ಅವಳು.

ಹಲ್ಲು ಕಚ್ಚಿದ. ಬಲವಂತ ಮಾಡಲು ಹೋದರೆ ತಂಬಿಗೆ ತಳ್ಳಿದ. ಅವಳು ನನ್ನ ಕಡೆ ಕಣ್ಣು ಬಿಟ್ಟಳು.

"ಏನ ನೋಡ್ತೀಯಪಾ ಹಂಗ? ಪೂಜಿ ಆಗ್ಬೇಕಂತಾರ. ಮಾಡ್ಸು!"

ಕೊಡ ನೀರು ತಂದು ಮಾವನ ತಲೆಯ ಮೇಲೆ ಸುರಿದೆ. ಸ್ನಾನ ಆಯಿತು. ಕೊರಳಿನ ಶಿವದಾರದಿಂದ ಲಿಂಗ ಬಿಚ್ಚಿ ಅವನ ಎಡ ಅಂಗೈಯಲ್ಲಿಟ್ಟು, ಕೈ ನಡುಗದಂತೆ ಕೆಳಗೆ ನನ್ನ ಕೈ ಹಿಡಿದೆ. ಎರಡು ಹನಿ ನೀರು, ಗುಡಿಸಲಿನಿಂದ ಅವಳು ತಂದ ಚಿಟಿಕೆ ವಿಭೂತಿ. ಬುಟ್ಟಿಯಿಂದ ಒಂದು ಪತ್ರೆ ತೆಗೆದು ಅವನ ಬಲಗೈಗೆ ಕೊಟ್ಟು ಲಿಂಗದ ಮೇಲೆ ಇರಿಸಿದೆ. ನೂರೆಂಟರಲ್ಲಿ ಒಂದು. ಮಾವನ ತುಟಿಗಳು ಏನೋ ಗುಣುಗುಣು ಅಂದವು. ಒಂದು ಗಂಟೆಯ ಪೂಜೆ ನಾನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಮುಗಿಯಿತು.

"ಆತು ಮಾವಾ, ಪೂಜಿ ಆತು. ಇದು ಪ್ರಸಾದ" ಅಂದೆ.

ಬಾಯಿ ತೆರೆದ. ಗುಟುಕು ಗುಟುಕಾಗಿ ತಂಬಿಗೆ ಪೂರ್ತಿ ಕುಡಿದ. ನಾವಿಬ್ಬರೂ ಅವನ ಮುಖ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಬೂದಿ ಬಣ್ಣ ತಿಳಿಯಾಯಿತು. ಕೈ ನಡುಕ ನಿಂತಿತು. ಒದ್ದೆ ಅಂಗಿಯನ್ನು ನೋಡಿಕೊಂಡು, "ಮಳಿ ಬಂತೇನಲೇ?" ಎಂದು ಕೇಳಿದ. ನನಗೆ ಅಳು ಬಂತು. ಆ ತಾಯಿ ಅವನ ಕೈಗೆ ಒಂದು ಜೋಳದ ರೊಟ್ಟಿ ಕೊಟ್ಟು, ಉಂಡ ಮೇಲೆಯೇ ಎತ್ತಿನ ಬಂಡಿಯಲ್ಲಿ ಕೂರಿಸಿದಳು.

ಡಾಕ್ಟರು ಸಂಜೆ ಮನೆಗೆ ಬಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಬೆಲ್ಲದ ಸಂಗತಿಯನ್ನೂ ಸೇರಿಸಿ. ಕಂಪೌಂಡರ್ ಚಾಚಾ ಹಣೆ ಬಡಿದುಕೊಂಡ.

"ಅರೇ ಬೇಟಾ, ಅದು ಔಷಧಿಗೆ ಇಟ್ಟಿದ್ದ ಬೆಲ್ಲ! ನೀ ತಿಂದಿ?"

"ತಿಂದೆ ಚಾಚಾ."

"ದಿನಾ?"

"ದಿನಾ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಾಂತವಾಗಿ ಬಿಡಿಸಿ ಹೇಳಿದರು. "ಸೂಜಿ ಸಕ್ಕರಿ ಇಳಸ್ತದ. ನಡಿಗಿನೂ ಇಳಸ್ತದ. ಹೊಟ್ಟಿ ಖಾಲಿ ಇದ್ರ ಇಳಿಯೋದು ಎಲ್ಲಿಗೆ ನಿಲ್ಲಬೇಕು? ನಡುಕ, ತಣ್ಣನ ಬೆವರು, ಸಿಡುಕು, ಅಡ್ಡಾದಿಡ್ಡಿ ಮಾತು, ಇವೆಲ್ಲ ಸಕ್ಕರಿ ಕಡಿಮಿ ಆದಾಗಿನ ಗುರುತು. ಆಗ ನಡಿಯೋದು ಬಂದ್ ಮಾಡಿ ಕೂಡ್ಬೇಕು, ಬೆಲ್ಲನೋ ಸಕ್ಕರಿನೋ ತಿನ್ನಬೇಕು, ಕಾಲು ತಾಸು ಕಾಯಬೇಕು. ಸರಿ ಅನಿಸದಿದ್ರ ಮತ್ತ ತಿನ್ನಬೇಕು. ಆಮ್ಯಾಲೆ ರೊಟ್ಟಿ." ನನ್ನ ಕಡೆ ತಿರುಗಿ, "ಎಚ್ಚರ ಪೂರ್ತಿ ತಪ್ಪಿದ್ರ ಮಾತ್ರ ಬಾಯಾಗ ಏನೂ ಸುರೀಬ್ಯಾಡ, ಶ್ವಾಸಕ್ಕ ಹೋಗ್ತದ. ನನ್ನ ಹತ್ರ ಓಡಿ ಬಾ" ಅಂದರು.

ಅತ್ತೆ ಇದನ್ನೆಲ್ಲ ಬಾಗಿಲ ಮರೆಯಲ್ಲಿ ನಿಂತು ಕೇಳಿ ತನ್ನ ತೀರ್ಪು ಕೊಟ್ಟಳು. "ನಡಿಯಾಕ ಹೋಗಿನೇ ಹಿಂಗಾತು. ಇನ್ನ ಅವ್ರು ಹೊಸ್ತಲ ದಾಟಂಗಿಲ್ಲ."

ಮಾವ ಜಗಳ ಮಾಡುವವನಲ್ಲ. ಕೂತ. ಅಂಗಡಿಗೆ ನಾನು, ಮನೆಯ ಕಟ್ಟೆಗೆ ಅವನು. ಪತ್ರೆಯನ್ನು ನಾನು ತರುತ್ತಿದ್ದೆ. ಮಸ್ಕಿ ಕಡೆಯ ಬಂಡಿಗಳು ಹೋಗುವುದನ್ನು ನೋಡುತ್ತ, "ತೋಟದಾಗ ನೀರು ಬಿಟ್ಟಾರೇನಲೇ?" ಎಂದು ದಿನಾ ಕೇಳುತ್ತಿದ್ದ. ಕೊಟ್ಟಿಗೆಯಲ್ಲಿ ನನ್ನ ನಳಿಗೆ ಮೊದಲ ವಾರ ಹಸಿರು ತೋರಿಸಿತು, ಎರಡನೆಯ ವಾರ ಅರಿಷಿಣ, ಮೂರನೆಯ ವಾರ ಅಪ್ಪಟ ಇಟ್ಟಿಗೆ. ನಾನು ಬಣ್ಣ ಕೂಗಿ ಹೇಳುವುದನ್ನು ಬಿಟ್ಟೆ. ಮಾಯುತ್ತ ಬಂದಿದ್ದ ಅಂಗಾಲಿನ ಗಾಯ ಮತ್ತೆ ಬಾಯಿ ಬಿಟ್ಟಿತು. ನಳಿಗೆಯನ್ನೇ ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದೆ. ಆ ದಿನ ಅವಳು ಅದನ್ನು ಅಡುಗೆಮನೆಯಿಂದ ಹೊರಗೆ ಹಾಕಲಿಲ್ಲ.

"ನಡದ್ರ ಬೀಳ್ತಾರ, ನಡೀಲಿಲ್ಲಂದ್ರ ಕಾಲು ಹೋಗ್ತೈತಿ. ಏನ ಮಾಡ್ಲಿ ಹೇಳು?" ಅಂದಳು.

"ಉಂಡು ನಡದ್ರ ಬೀಳಂಗಿಲ್ಲ ಅತ್ತೀ. ಗಾಯಕ್ಕ ಪಟ್ಟಿ ಕಟ್ಟಿ, ಮೆತ್ತನ ಕೆರಾ ಹಾಕ್ಕೊಂಡು ನಿಧಾನ ನಡೀಬಹುದಂತ ಡಾಕ್ಟರು ಹೇಳ್ಯಾರ."

"ಪೂಜಿ ಆಗಲಾರದ ಹೆಂಗ ಉಣ್ಣಬೇಕು? ಪತ್ರಿ ಇಲ್ಲದ ಹೆಂಗ ಪೂಜಿ? ನೀ ಪತ್ರಿ ತಂದು ಪೂಜಿ ಆಗೂದ್ರಾಗ ಬಿಸಿಲು ಏರ್ತೈತಿ, ಅವ್ರು ನಡಿಯೋದು ಯಾವಾಗ?"

ಗಂಟು ಅಲ್ಲಿತ್ತು. ಪತ್ರೆಯನ್ನು ಹಿಂದಿನ ಸಂಜೆಯೇ ತಂದಿಟ್ಟರೆ ಆದೀತಲ್ಲ ಎಂದು ನಾನು ಹೇಳಿದ್ದಕ್ಕೆ ಮಾವ ಒಪ್ಪಲಿಲ್ಲ. ಹಳೆಯ ಪತ್ರೆ ಅವರ ಮನೆಯಲ್ಲಿ ಎಂದೂ ಏರಿಸಿಲ್ಲವಂತೆ. ಆ ವಾರ ಮಸ್ಕಿಯಿಂದ ನಮ್ಮ ಮನೆತನದ ಗುರುಗಳಾದ ಅಯ್ಯನವರು ಬಂದರು. ಅತ್ತೆ ಪಾದಕ್ಕೆ ನೀರು ಹಾಕಿದವಳೇ ವಿಷಯ ಮುಂದಿಟ್ಟಳು. ತೋಟದ ಬದುವಿನ ಮೇಲೆ ನಾನು ಮಾಡಿಸಿದ ಒಂದೆಲೆ ಪೂಜೆಯ ಸಂಗತಿಯನ್ನೂ ಹೇಳಿದಳು. ನನಗೆ ಏನು ಪ್ರಾಯಶ್ಚಿತ್ತ ಬೀಳುತ್ತದೋ ಎಂದು ಕಂಬದ ಹಿಂದೆ ಸರಿದೆ.

ಅಯ್ಯನವರು ಬಹಳ ಹೊತ್ತು ನಕ್ಕರು. "ಬಿಲ್ವಪತ್ರಿಗೆ ಹಳೇದು ಹೊಸಾದು ಇಲ್ಲಪಾ. ಸಂಜಿಮುಂದ ತಂದು ಒದ್ದಿ ಅರಿವ್ಯಾಗ ಸುತ್ತಿಡ್ರಿ. ನಸುಕಿನ್ಯಾಗ ಎದ್ದು ಪೂಜಿ ಮಾಡು, ಸೂಜಿ ಮಾಡಿಸ್ಕೋ, ಉಣ್ಣು. ಆಮ್ಯಾಲೆ ಎಲ್ಲಿಗೆ ಬೇಕಂದ್ರ ಅಲ್ಲಿಗೆ ನಡಿ." ಮಾವ ತಲೆಬಾಗಿದ. ಡಾಕ್ಟರಿಗೆ ಹೇಳಿದಾಗ ಅವರು ಈ ಕ್ರಮವನ್ನು ಎರಡು ಸಲ ಕೇಳಿ, ಸೂಜಿಯ ಅಳತೆಯನ್ನು ತುಸು ಇಳಿಸಿ ಬರೆದುಕೊಟ್ಟರು.

ಆದರೂ ಅತ್ತೆಯ ಅಪ್ಪಣೆ ಪೂರ್ತಿ ಸಿಗಲಿಲ್ಲ. "ಒಂದು ದಿನ ನಾನೂ ಸಂಗಾಟ ಬರ್ತೀನಿ. ನನ್ನ ಕಣ್ಣ ಮುಂದ ಹೋಗಿ ಬರ್ಲಿ. ಬಿದ್ರಂದ್ರ ಮುಗೀತು, ಮತ್ತ ಕೇಳಬ್ಯಾಡ್ರಿ" ಅಂದಳು.

ಆ ದಿನ ಮಾವ ಪೂಜೆ ಮುಗಿಸಿ, ಸೂಜಿ ಮಾಡಿಸಿಕೊಂಡು, ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡು, ಒಂದು ತಾಸು ಕೂತು, ಹೊರಟ. ಶಲ್ಯದಲ್ಲಿ ಬೆಲ್ಲ. ನಾನು ಮೂರು ಮಾರು ದೂರವೇ ನಡೆದೆ, ಬೆಲ್ಲದ ವಾಸನೆ ನನಗೆ ಬಡಿಯದಿರಲಿ ಎಂದು. ಅತ್ತೆ ಸೆರಗು ಬಿಗಿದು ಹಿಂದಿನಿಂದ, ಮಗುವಿನ ಮೊದಲ ಹೆಜ್ಜೆ ನೋಡುವವಳ ಹಾಗೆ, ಅವನ ಕಾಲನ್ನೇ ನೋಡುತ್ತ ಬಂದಳು. ತೋಟ ಮುಟ್ಟಿದೆವು. ಬಾವಿಯ ಹತ್ತಿರದ ತಾಯಿಯನ್ನು ಅತ್ತೆ ಕೈಹಿಡಿದು ಮಾತಾಡಿಸಿದಳು. ಆ ತಾಯಿ ನನ್ನನ್ನು ನೋಡಿ, "ತಮ್ಮಾ, ಇವತ್ತರ ಕಿಸೇದಾಗ ಏನರ ಉಳಿಸೀಯೇನು?" ಅಂದಳು. ಅತ್ತೆ ನಕ್ಕಳು, ಮೂರು ವಾರಗಳ ಮೇಲೆ.

ವಾಪಸಾಗುವಾಗ ಅರ್ಧ ಹಾದಿಯಲ್ಲಿ ಮಾವ ನಿಂತ. ಅತ್ತೆಯ ಮುಖ ಬಿಳಿಚಿಕೊಂಡಿತು. ನನ್ನ ಬಾಯಿ ತಾನಾಗಿ ತೆರೆಯಿತು. ಎರಡೂ ಕೈಯಿಂದ ಮುಚ್ಚಿಕೊಂಡೆ.

"ಬೆರಳು ಸ್ವಲ್ಪ ನಡುಗಿದಂಗ ಆತು" ಅಂದ ಮಾವ. ಅವಸರವಿಲ್ಲದೆ ಹಾದಿಯ ಕಲ್ಲಿನ ಮೇಲೆ ಕೂತ, ಗಂಟು ಬಿಚ್ಚಿದ, ಬೆಲ್ಲ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಚೀಪಿದ. ನಾವು ಕಾದೆವು. ಮಸ್ಕಿಯ ಬಸ್ಸು ಧೂಳೆಬ್ಬಿಸಿ ಹೋಯಿತು. ಬೇಲಿಯಲ್ಲಿ ಗುಬ್ಬಿಗಳು ಜಗಳವಾಡಿ ರಾಜಿಯಾದವು. ಮಾವ ಕೈ ಚಾಚಿ ತನ್ನ ಬೆರಳು ತಾನೇ ನೋಡಿಕೊಂಡ, ಅತ್ತೆಗೂ ತೋರಿಸಿದ. ಅವಳು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಅವಳು ಕಟ್ಟಿಕೊಂಡು ತಂದಿದ್ದ ಅರ್ಧ ರೊಟ್ಟಿಯನ್ನೂ ತಿಂದು, ಶಲ್ಯ ಕೊಡವಿ ಎದ್ದು, ಯಾರ ಕೈಯನ್ನೂ ಹಿಡಿಯದೆ ಮನೆಯ ತನಕ ನಡೆದ.

ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಅತ್ತೆ ನೀರಿನ ತಂಬಿಗೆ ಕೊಟ್ಟಳು. ನಾವಿಬ್ಬರೂ ತೀರ್ಪಿಗೆ ಕಾಯುತ್ತ ನಿಂತೆವು. ಅವಳು ಒಲೆಯ ಕಡೆ ತಿರುಗಿ ಕೇಳಿದಳು:

"ನಾಳಿ ರೊಟ್ಟಿ ಎಷ್ಟೊತ್ತಿಗೆ ಬಡೀಲ್ರಿ?"

"ಇವತ್ತಿನಷ್ಟೊತ್ತಿಗೇ ಆಗ್ಲಿ" ಅಂದ ಮಾವ. ಆಮೇಲೆ ನನ್ನ ಕಡೆ ನೋಡಿ, "ಲೇ, ಸಂಜಿಮುಂದ ಪತ್ರಿಗೆ ಹೋಗು. ಹುಳಾ ಕಡಿಲಾರದ್ದು ತರಬೇಕು" ಅಂದ.